ಇಪ್ಪತ್ತನಾಲ್ಕು ಮ್ಯಾಕ್‌ರೇಗಳು ಮತ್ತು ಅಪ್ಪನ ಪಟ

ಅಲ್ ಕುಸೈಸ್, ದುಬೈ
೧೩ ಫೆಬ್ರವರಿ ೧೯೯೮, ಶುಕ್ರವಾರ

ಪ್ರೀತಿಯ ತಂಗಿ ಪ್ರಫುಲ್ಲಾ,

ನಿನ್ನ ಮೂರು ಕಾಗದವೂ ಬಂದು ಮುಟ್ಟಿದೆ. ಮೂರಕ್ಕೂ ಸೇರಿಸಿ ಈಗ ಉತ್ತರ ಬರೆಯಲು ಕೂತಿದ್ದೇನೆ, ಬೈಯಬೇಡ ಮಾರಾಯ್ತಿ. ರಂಜಾನ್ ತಿಂಗಳಲ್ಲಿ ಫ್ರೇಮಿನ ಅಂಗಡಿಯವರಿಗೆ ಉಸಿರು ಬಿಡಲು ಪುರುಸೊತ್ತಿಲ್ಲ. ಈದ್ ಕಳೆದ ಮೇಲೆ ಜ್ವರ. ಜ್ವರ ಬಿಟ್ಟ ಮೇಲೆ ಸೋಮಾರಿತನ. ಇದರಲ್ಲಿ ಯಾವುದನ್ನು ನಂಬುತ್ತೀಯೋ ನಂಬು. ಭಾವನ ಸೊಂಟನೋವು ಹೇಗುಂಟು? ದೀಕ್ಷಿತಾ ಬಾಲವಾಡಿಯಲ್ಲಿ ಹಾಡು ಹೇಳಿದ್ದು ಓದಿ ಖುಷಿಯಾಯಿತು. ಸುಜಿತನಿಗೆ ಮೂರು ತುಂಬಿದರೂ ಮಾತು ಸರಿ ಬರುವುದಿಲ್ಲ ಅಂತ ತಲೆಬಿಸಿ ಮಾಡಬೇಡ. ನಾನು ನಾಲ್ಕಕ್ಕೆ ಬಾಯಿ ಬಿಟ್ಟದ್ದಂತೆ, ಆಮೇಲೆ ಮುಚ್ಚಲೇ ಇಲ್ಲ ಅಂತ ಅಪ್ಪ ಹೇಳುತ್ತಿದ್ದ.

ಕಾಲನಿಯ ಹೊಸ ಮನೆಗೆ ಹೆಂಚು ಹೊದೆಸಿ ಆಯಿತು, ನಡುಕೋಣೆಯ ಗೋಡೆಗೆ ಮೊಳೆ ಹೊಡೆದು ಇಟ್ಟಿದ್ದೇನೆ, ಅಪ್ಪನ ಪಟ ಕಳಿಸು ಅಂತ ಬರೆದಿದ್ದಿ. ಮೂರು ಕಾಗದದಲ್ಲೂ ಅದನ್ನೇ ಬರೆದಿದ್ದಿ. ಅಪ್ಪ ತೀರಿಕೊಂಡು ಬರುವ ಅಕ್ಟೋಬರಿಗೆ ವರ್ಷವಾಗುತ್ತದೆ, ಅಷ್ಟರಲ್ಲಿ ಗೋಡೆಯಲ್ಲಿ ಪಟ ಇರಬೇಕು ಅಂತ ನಿನ್ನ ಆಸೆ. ಅದು ತಪ್ಪಲ್ಲ. ಓಟಿನ ಕಾರ್ಡಿಗೆ ಫೋಟೋ ತೆಗೆಯುವವರು ಬಂದ ದಿನ ಅಪ್ಪ ಬುಟ್ಟಿ ಹೆಣೆಯುವ ಬೀಳು ಬಳ್ಳಿ ತರಲು ಕಾಡಿಗೆ ಹೋಗಿದ್ದ ಅಂತ ನೀನೇ ಬರೆದಿದ್ದಿ. ನಾವು ಮೂವರೂ ಪಟ ತೆಗೆಸಿದ ಕಾರ್ಕಳದ ಆ ಸ್ಟುಡಿಯೋ ಈಗ ಚಪ್ಪಲಿ ಅಂಗಡಿ ಆಗಿದೆಯಂತೆ. ಹಾಗಾದರೆ ಲೋಕದಲ್ಲಿ ಅಪ್ಪನದ್ದು ಅಂತ ಇರುವುದು ನಾನು ಇಲ್ಲಿಗೆ ತಂದ ಆ ಒಂದೇ ಪಟ. ನನಗೆ ಗೊತ್ತುಂಟು. ಕಳಿಸುತ್ತೇನೆ.

ಆ ದಿನ ನಿನಗೆ ನೆನಪುಂಟಾ? ನಿನಗೆ ಹನ್ನೆರಡು ವರ್ಷ, ಹೊಸ ರಿಬ್ಬನು. ನನಗೆ ಟೆರಿಕಾಟ್ ಅಂಗಿ. ಅಪ್ಪ ಮಾತ್ರ ಬರೀ ಮೈಗೆ ಬೈರಾಸು ವಸ್ತ್ರ ಹಾಕಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟು, ಕಂಕುಳಲ್ಲಿ ಬುಟ್ಟಿ ಹಿಡಿದು ಬಂದ. ಸ್ಟುಡಿಯೋದವ, "ಬುಟ್ಟಿ ಹೊರಗೆ ಇಡು ಮಾರಾಯ" ಅಂದದ್ದಕ್ಕೆ ಅಪ್ಪ, "ಇದು ಇಲ್ಲದಿದ್ದರೆ ನಾನು ಯಾರೂಂತ ನೋಡಿದವರಿಗೆ ಹೇಗೆ ಗೊತ್ತಾಗುವುದು?" ಅಂತ ಕೇಳಿದ. ನೀನು ನಕ್ಕು ನಕ್ಕು ರಿಬ್ಬನು ಬಿಚ್ಚಿಹೋಗಿ ಮತ್ತೆ ಕಟ್ಟಬೇಕಾಯಿತು.

ಇಲ್ಲಿಯದ್ದು ಹೊಸ ಸುದ್ದಿ ಅಂದರೆ ಒಬ್ಬ ವಿಚಿತ್ರ ಗಿರಾಕಿ ಸಿಕ್ಕಿದ್ದಾನೆ. ಸ್ಕಾಟ್‌ಲೆಂಡಿನವ, ಮ್ಯಾಕ್‌ರೇ ಅಂತ. ರುವೈಸ್‌ನ ಎಣ್ಣೆ ಕಾರ್ಖಾನೆಯಲ್ಲಿ ಇಂಜಿನಿಯರು, ಹದಿನೈದು ದಿನಕ್ಕೊಮ್ಮೆ ಗುರುವಾರ ನಾಲ್ಕು ಗಂಟೆ ಹೊತ್ತು ಕಾರು ಬಿಟ್ಟುಕೊಂಡು ನಮ್ಮ ಅಂಗಡಿಗೆ ಬರುತ್ತಾನೆ. ಕೈಯಲ್ಲಿ ಉದ್ದದ ರಟ್ಟಿನ ಕೊಳವೆ. ಅದರೊಳಗೆ ಇನ್ನೂರು, ನೂರೈವತ್ತು ವರ್ಷದ ಹಿಂದಿನ ಅಚ್ಚಿನ ಚಿತ್ರಗಳು. ತಾಮ್ರದ ತಗಡಿನಲ್ಲಿ ಕೊರೆದು ಒತ್ತಿದ್ದಂತೆ. ಒಬ್ಬ ಸಿಪಾಯಿ, ಒಬ್ಬ ಪಾದ್ರಿ, ಕುರಿ ಕಾಯುವ ಒಬ್ಬ ಮುದುಕ, ನಾಟಕದವಳು ಒಬ್ಬಳು, ಕುರ್ಚಿಯಲ್ಲಿ ಕೂತ ಕುಳ್ಳ ಜಡ್ಜು. ಒಬ್ಬ ಕಳ್ಳ ಕೂಡ ಇದ್ದಾನೆ, ಅವನನ್ನು ಗಲ್ಲಿಗೆ ಹಾಕಿದ್ದರಂತೆ. ಇವರಿಗೆಲ್ಲ ಒಬ್ಬರಿಗೊಬ್ಬರು ಎಂತ ಸಂಬಂಧ ಅಂತ ಕೇಳಿದೆ. ಎಂತದ್ದೂ ಇಲ್ಲ, ಎಲ್ಲರ ಹೆಸರಿನ ಕೊನೆಗೆ ಮ್ಯಾಕ್‌ರೇ ಅಂತ ಉಂಟು, ಅಷ್ಟೇ ಅಂದ. ಒಟ್ಟು ಇಪ್ಪತ್ತನಾಲ್ಕು ಸೇರಿಸಿದ್ದಾನೆ. ಜೂನ್ ಕೊನೆಗೆ ರಿಟೈರಾಗಿ ಊರಿಗೆ ಹೋಗುವಾಗ ಎಲ್ಲ ಒಂದೇ ಅಳತೆಯ ಫ್ರೇಮಿನಲ್ಲಿ ಬೇಕಂತೆ.

ನಮ್ಮ ತುಳುವರು ಎದುರು ಸಿಕ್ಕಿದವರ ಬರಿ ಯಾವುದು, ಯಾವ ವಂಶದ ಹೆಸರಿನವರು ಅಂತ ಕೇಳುವುದಿಲ್ಲವಾ, ಅವರಲ್ಲೂ ಅದೇ ಕಥೆ. ಹೆಸರು ಒಂದೇ ಆದರೆ ಖಲಾಸ್, ಸಂಬಂಧ ಆಯಿತು.

ಹೇಳಿದಾಗ ನೆನಪಾಯಿತು. ಇನ್ನು ಮುಂದೆ ಕವರಿನ ಮೇಲೆ ಬರೀ ಚನಿಯ ಅಂತ ಬರೆಯಬೇಡ. ಸಿ. ಬಂಗೇರ ಅಂತ ಬರೆ. ಇಲ್ಲಿ ಎಲ್ಲರಿಗೂ ಹಿಂದೆ ಒಂದು ಹೆಸರು ಬೇಕು, ಅದಕ್ಕೆ ಹಾಕಿಕೊಂಡದ್ದು. ವಿಷಯ ದೊಡ್ಡದಲ್ಲ.

ಪಟವನ್ನು ದೊಡ್ಡದು ಮಾಡಿಸಿ, ಒಳ್ಳೆಯ ತೇಗದ ಫ್ರೇಮು ಹಾಕಿ ಕಳಿಸುತ್ತೇನೆ. ಮಕ್ಕಳಿಗೆ ಮುದ್ದು.

ನಿನ್ನ ಅಣ್ಣ,
ಚನಿಯ

*

ಅಲ್ ಕುಸೈಸ್
೧ ಮೇ ೧೯೯೮, ಶುಕ್ರವಾರ

ಪ್ರೀತಿಯ ಪ್ರಫುಲ್ಲಾ,

ಈ ಸಲ ನೀನು ಕಾಗದ ಬರೆದದ್ದಾ, ಕತ್ತಿ ಮಸೆದದ್ದಾ? "ನಾವು ಬಂಗೇರರು ಆದದ್ದು ಯಾವಾಗ? ಅಪ್ಪನಿಗೆ ಗೊತ್ತಿತ್ತಾ?" ಅಂತ ಎರಡೇ ಸಾಲು ಕೇಳಿ, ಉಳಿದ ಹಾಳೆಯನ್ನು ಖಾಲಿ ಬಿಟ್ಟಿದ್ದಿ. ಖಾಲಿ ಹಾಳೆಗೂ ನಾನು ಬೈಗುಳ ತಿಂದ ಹಾಗೆ ಆಯಿತು.

ಹೇಳುತ್ತೇನೆ, ಕೇಳು. ನಾನು ಬಂದ ವರ್ಷ ರೂಮಿನಲ್ಲಿ ಏಳು ಜನ, ಎಲ್ಲ ಉಡುಪಿ, ಮಂಗಳೂರು ಕಡೆಯವರು. ಮೊದಲ ದಿನವೇ ಊಟಕ್ಕೆ ಕೂತಾಗ ಒಬ್ಬರು, "ನೀವು ಯಾವ ಬರಿಯವರು?" ಅಂತ ಕೇಳಿದರು. ಚನಿಯ ಅಂತ ಹೆಸರು ಕೇಳಿಯೇ ಕಣ್ಣಲ್ಲಿ ಜಾತಿಯ ಲೆಕ್ಕ ಹಾಕುತ್ತಿದ್ದರು. ಬುಟ್ಟಿ ಹೆಣೆಯುವವನ ಮಗ ಅಂತ ಗೊತ್ತಾದರೆ ಅದೇ ಪಾತ್ರೆಯಿಂದ ಅನ್ನ ಬಡಿಸಿಕೊಳ್ಳಲು ನನ್ನನ್ನು ಬಿಡುತ್ತಾರಾ? ಊರಿನಲ್ಲಿ ಅಂಗಳದ ಹೊರಗೆ ಕೂತು ಉಂಡದ್ದು ನಿನಗಿಂತ ನನಗೆ ಜಾಸ್ತಿ ನೆನಪುಂಟು. ಶಾಲೆಯಲ್ಲಿ ನಮ್ಮ ಬೆಂಚಿನವನೊಬ್ಬ ಬಂಗೇರ ಇದ್ದ, ಬಾಯಿಗೆ ಅದೇ ಬಂತು. ಬಂದದ್ದು ಮತ್ತೆ ಹೋಗಲಿಲ್ಲ. ಪಾಸ್‌ಪೋರ್ಟಿನಲ್ಲಿ ಈಗಲೂ ಬರೀ ಚನಿಯ. ಅದನ್ನು ನೋಡಿದವರು ನಮ್ಮ ಅಂಗಡಿಯ ಯಜಮಾನರಾದ ಬಂಟ್ವಾಳದ ಕಾಸಿಂ ಸಾಹೇಬರು ಒಬ್ಬರೇ, ಅವರು ಯಾರಲ್ಲೂ ಬಾಯಿ ಬಿಟ್ಟವರಲ್ಲ. ನನಗೆ ಯಾಕೆ ಮದುವೆ ಆಗಲಿಲ್ಲ ಅಂತ ನೀನು ವರ್ಷವರ್ಷ ಕೇಳುತ್ತಿದ್ದಿಯಲ್ಲ. ಬಂಗೇರನಾಗಿ ಹುಡುಗಿ ಕೇಳಿದರೆ ಮೋಸ. ಚನಿಯನಾಗಿ ಕೇಳಿದರೆ ಹದಿನಾಲ್ಕು ವರ್ಷದ ಮೋಸ ಹೊರಗೆ ಬರುತ್ತದೆ. ಎಂತ ಮಾಡುವುದು ಹೇಳು.

ಸಿಟ್ಟು ಇಳಿದಿದ್ದರೆ ಮ್ಯಾಕ್‌ರೇಯ ಸುದ್ದಿ ಕೇಳು. ಹದಿನೈದು ಪಟಗಳಿಗೆ ಫ್ರೇಮು ಹಾಕಿ ಆಯಿತು. ಒಂದೊಂದನ್ನೂ ನಾನೇ ಕೈಯಾರೆ ಅಳೆದು, ರಟ್ಟು ಕೊರೆದು ಮಾಡಿದ್ದು. ಪ್ರತಿ ಪಟದ ಬುಡದಲ್ಲಿ ಬಿಳಿ ಅಂಚು ಉಂಟು, ಅದರಲ್ಲಿ ಕೂದಲಿನಷ್ಟು ಸಪೂರ ಅಕ್ಷರದಲ್ಲಿ ಆ ಮನುಷ್ಯನ ಹೆಸರು. ಮ್ಯಾಕ್‌ರೇ ಬಂದ ಕೂಡಲೇ ಮುಖ ನೋಡುವುದಿಲ್ಲ, ಕನ್ನಡಕ ಏರಿಸಿ ಮೊದಲು ಆ ಹೆಸರನ್ನು ಓದುತ್ತಾನೆ. ಆಮೇಲೆ ಹಾಲು ಹಾಕದ ಸುಲೈಮಾನಿ ಚಹಾ ಕುಡಿಯುತ್ತಾ ಕೂರುತ್ತಾನೆ. ಬೇರೆ ಬಿಳಿಯರ ಹಾಗೆ ಗಡಿಬಿಡಿ ಇಲ್ಲ.

ಕಳೆದ ಗುರುವಾರ ನಾನೇ ಕೇಳಿದೆ, "ಇಷ್ಟು ಜನರಲ್ಲಿ ನಿಮ್ಮ ಅಜ್ಜ ಯಾರು ಸರ್?" ಅಂತ. ಅವ ಗ್ಲಾಸು ಕೆಳಗಿಟ್ಟು ತನ್ನ ಕಥೆ ಹೇಳಿದ. ಅವ ಹಸುಗೂಸು ಇದ್ದಾಗ ಯಾರೋ ಒಂದು ಅನಾಥಾಶ್ರಮದ ಬಾಗಿಲಿನಲ್ಲಿ ಬಿಟ್ಟು ಹೋಗಿದ್ದರಂತೆ. ಅಲ್ಲಿಯ ಅಡುಗೆಯವಳು ಎತ್ತಿಕೊಂಡಳು, ಅವಳ ಹೆಸರು ಮ್ಯಾಕ್‌ರೇ, ಅದನ್ನೇ ಇವನಿಗೂ ಬರೆಸಿದರು. "ಈ ಇಪ್ಪತ್ತನಾಲ್ಕರಲ್ಲಿ ಒಬ್ಬರೂ ನನ್ನವರಲ್ಲ ಅಂತ ಗೊತ್ತುಂಟು. ಆದರೆ ಕೆಳಗೆ ಹೆಸರು ಉಂಟಲ್ಲ, ಅದನ್ನು ನೋಡಿದರೆ ನಾನೂ ಒಂದು ಸಾಲಿನಲ್ಲಿ ನಿಂತ ಹಾಗೆ ಆಗುತ್ತದೆ" ಅಂದ. ಅರವತ್ತು ವರ್ಷದ ಗಂಡಸು, ಪ್ರಫುಲ್ಲಾ. ಹೆಂಡತಿ ಇಲ್ಲ, ಮಕ್ಕಳಿಲ್ಲ.

ಆಮೇಲೆ ಅವ ನನ್ನ ಕಡೆ ತಿರುಗಿ, "ನೀವು ಪುಣ್ಯವಂತರು ಮಿಸ್ಟರ್ ಬಂಗೇರ, ನಿಮ್ಮದು ನಿಜವಾದ ಬರಿ. ಬಂಗೇರರು ಮೊದಲು ಎಂತ ಮಾಡುತ್ತಿದ್ದರು?" ಅಂತ ಕೇಳಿದ. ಆಗಲಾದರೂ ನಿಜ ಹೇಳಬಹುದಿತ್ತು. ನಾನೆಂತ ಹೇಳಿದೆ ಗೊತ್ತುಂಟಾ? ನಮ್ಮ ಮುತ್ತಜ್ಜನಿಗೆ ಮಂಗಳೂರು ಬಂದರಿನಲ್ಲಿ ಎರಡು ಮಂಜಿ ಹಡಗು ಇತ್ತು, ಮಸ್ಕತ್ತಿನವರೆಗೆ ಹೋಗುತ್ತಿದ್ದ ಅಂತ ಬಿಟ್ಟೆ. ಅವ ಡೈರಿ ತೆಗೆದು ಬರೆದುಕೊಂಡ! ಮುತ್ತಜ್ಜನ ಹೆಸರನ್ನೂ ಕೇಳಿದ. ಅದನ್ನೂ ಹೇಳಿದೆ. ರೂಮಿಗೆ ಬಂದು ಕೈಕಾಲು ತೊಳೆಯುವಾಗ ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಲು ನನಗೇ ಹೇಸಿಗೆಯಾಯಿತು.

ಪಟ ಎಲ್ಲಿ ಅಂತ ಕೇಳಬೇಡ. ದೊಡ್ಡದು ಮಾಡಿಸಲು ಕೊಡಬೇಕು, ಹಳೆ ಪಟ ಅಲ್ಲವಾ, ಜಾಗ್ರತೆ ಬೇಕು. ಅಕ್ಟೋಬರಿಗೆ ಇನ್ನೂ ಟೈಮು ಉಂಟು. ಭಾವನಿಗೆ ಕೇಳಿದ್ದೇನೆ ಅಂತ ಹೇಳು.

ನಿನ್ನ ಅಣ್ಣ,
ಚನಿಯ (ಇಲ್ಲಿ ಬೇರೆ ಹೆಸರು ಬರೆಯಲು ಹುಚ್ಚಾ ನನಗೆ)

*

ಅಲ್ ಕುಸೈಸ್
೨೪ ಜುಲೈ ೧೯೯೮, ಶುಕ್ರವಾರ

ತಂಗಿ ಪ್ರಫುಲ್ಲಾ,

ತಡವಾಯಿತು. ಈ ಸಲ ನೆವ ಹೇಳುವುದಿಲ್ಲ.

ಸೆಕೆ ಅಂದರೆ ಸೆಕೆ. ನಲ್ಲಿಯ ತಣ್ಣೀರು ಕೂಡ ಸುಡುತ್ತದೆ. ನಮ್ಮ ರೂಮಿನ ಜುವಾಕಿಂ, ಶಿರ್ವದ ಡ್ರೈವರ್, ನಾಳೆ ರಜೆಯಲ್ಲಿ ಊರಿಗೆ ಬರುತ್ತಿದ್ದಾನೆ. ಪುಣ್ಯಾತ್ಮ, ನಾನು ಬಂಗೇರನೋ ಯಾರೋ ಅಂತ ಒಂದು ದಿನ ಕೇಳಿದವನಲ್ಲ. ಅವನ ಕೈಯಲ್ಲಿ ಈ ಕಾಗದ, ಮಕ್ಕಳಿಗೆ ಬಟ್ಟೆ, ಭಾವನಿಗೆ ಸೊಂಟಕ್ಕೆ ಹಚ್ಚುವ ಮುಲಾಮು, ಮತ್ತೆ ಪಟ ಕಳಿಸಿದ್ದೇನೆ. ಪಟ ರಟ್ಟಿನ ಲಕೋಟೆಯಲ್ಲಿ ಉಂಟು. ಈ ಕಾಗದ ಪೂರ್ತಿ ಓದದೆ ಅದನ್ನು ಬಿಚ್ಚಬೇಡ. ನನ್ನ ಮೇಲೆ ಆಣೆ.

ಮೊದಲು ನನ್ನ ಕೆಲಸ ಕೆಟ್ಟದ್ದು ಹೇಗೆ ಅಂತ ಹೇಳಬೇಕು. ಜೂನ್ ಮೊದಲ ವಾರ ನಿನ್ನ ಕಾಗದ ಬಂತು. ಅಪ್ಪನ ಕೊನೆಯ ದಿನಗಳ ಸುದ್ದಿ ಅದರಲ್ಲಿ ಮೊದಲ ಸಲ ಬರೆದಿದ್ದಿ. ಎದ್ದು ಕೂರಲು ಆಗದಿದ್ದರೂ ಬಂದವರಿಗೆಲ್ಲ, "ನಾನು ಹೋದರೂ ನನ್ನ ಪಟ ದುಬೈಯಲ್ಲಿ ಉಂಟು, ಮಗ ಗೋಡೆಗೆ ಹಾಕಿದ್ದಾನೆ" ಅಂತ ಹೇಳುತ್ತಿದ್ದನಂತೆ. ಆಸ್ಪತ್ರೆಯ ನರ್ಸ್ ಜೆಸ್ಸಿಗೂ ಅದನ್ನೇ ಹೇಳಿದನಂತೆ. ಅವಳು ನಕ್ಕು, "ಹಾಗಾದರೆ ನೀವು ಫಾರಿನ್‌ನವರು ಅಜ್ಜ" ಅಂದಳಂತೆ. ಇದನ್ನು ಓದಿದ ಮೇಲೆ ನನಗೆ ಎರಡು ದಿನ ಅನ್ನ ಇಳಿಯಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮ್ಯಾಕ್‌ರೇ ಹೋಗಲು ಎರಡು ವಾರ ಉಳಿದಿತ್ತು, ಒಂಬತ್ತು ಪಟ ಬಾಕಿ. ಕಾಸಿಂ ಸಾಹೇಬರು, "ಯಲ್ಲಾ ಬಂಗೇರ, ಚೀನಾದಿಂದ ಬಂದ ರೆಡಿಮೇಡ್ ಫ್ರೇಮು ಅದೇ ಅಳತೆಯದ್ದು ಉಂಟಲ್ಲ, ಅದಕ್ಕೇ ಕೂರಿಸಿ ಮುಗಿಸು" ಅಂದರು. ನಾನು ಮೇಜಿನ ಮೇಲೆ ಪಟ ಹಾಸಿ, ಸ್ಕೇಲು ಇಟ್ಟು, ಕಟ್ಟರ್ ಎಳೆದೆ. ಕಾರ್ಕಳದ ಅಂಗಡಿಯಲ್ಲಿ ಕೆಲಸ ಕಲಿತ ದಿನದಿಂದ ಈ ಕೈ ಎಷ್ಟು ಸಾವಿರ ದೇವರ ಪಟ ಕತ್ತರಿಸಿದೆಯೋ. ಕ್ಯಾಲೆಂಡರಿನ ಲಕ್ಷ್ಮಿ, ಸರಸ್ವತಿ, ಸುಬ್ರಹ್ಮಣ್ಯ ಬಂದರೆ ಮೊದಲ ಕೆಲಸ ಬುಡದಲ್ಲಿರುವ ಜವಳಿ ಅಂಗಡಿಯ ಹೆಸರು, ಪ್ರೆಸ್ಸಿನ ಹೆಸರು ಕತ್ತರಿಸಿ ಬಿಸಾಡುವುದು. ದೇವರ ಪಾದದ ಕೆಳಗೆ ಅಕ್ಷರ ಇರಬಾರದು, ಗಿರಾಕಿ ಒಪ್ಪುವುದಿಲ್ಲ. ನನ್ನ ತಲೆ ತುಂಬ ನಿನ್ನ ಕಾಗದ, ಅಪ್ಪ, ನರ್ಸ್ ಜೆಸ್ಸಿ. ಕೈ ಅದರಷ್ಟಕ್ಕೆ ಹೋಯಿತು. ಒಂಬತ್ತೂ ಪಟಗಳ ಬುಡದ ಬಿಳಿ ಅಂಚು ನೀಟಾಗಿ ತೆಗೆದು, ಗಾಜು ಹಾಕಿ, ಮೊಳೆ ಹೊಡೆದು, ಒರೆಸಿ ಗೋಡೆಗೆ ಒರಗಿಸಿಟ್ಟೆ. ಚಂದ ಕಂಡಿತು ಕೂಡ.

ಗುರುವಾರ ಮ್ಯಾಕ್‌ರೇ ಬಂದ. ಕನ್ನಡಕ ಏರಿಸಿ ಮೊದಲನೆಯದರ ಬುಡಕ್ಕೆ ಬಗ್ಗಿದ. ಎರಡನೆಯದಕ್ಕೆ ಬಗ್ಗಿದ. ಮೂರನೆಯದಕ್ಕೆ ಅವ ಬಗ್ಗುವಾಗ ನನಗೆ ಅರ್ಥವಾಯಿತು. ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿತ್ತು. ಅಯ್ಯೋ ದೇವರೇ, ಅವ ಬೈದಿದ್ದರೆ ಒಳ್ಳೆಯದಿತ್ತು. ಒಂಬತ್ತನ್ನೂ ನೋಡಿ ಮುಗಿಸಿ, "ಆ ತುಂಡುಗಳು ಎಲ್ಲಿ?" ಅಂತ ಮಾತ್ರ ಕೇಳಿದ. ನಾನು ಹಿಂದಿನ ಓಣಿಗೆ ಓಡಿದೆ. ಕಸದ ಲಾರಿ ಬುಧವಾರವೇ ಬಂದು ಹೋಗಿತ್ತು. ಡಬ್ಬದ ತಳದಲ್ಲಿ ಎರಡು ತುಂಡು ಅಂಟಿಕೊಂಡಿತ್ತು. ಒಂದರಲ್ಲಿ ಪೂರ್ತಿ ಹೆಸರು, ಇನ್ನೊಂದರಲ್ಲಿ ಬರೀ ಮ್ಯಾಕ್‌ರೇ ಅಂತ. ಯಾವುದು ಯಾರ ಕಾಲಿನ ಕೆಳಗಿನದ್ದು ಅಂತ ಅವನಿಗೂ ಹೇಳಲು ಆಗಲಿಲ್ಲ. ಆ ಒಂಬತ್ತನ್ನು ಅವ ಕಳೆದ ವರ್ಷ ರಜೆಯಲ್ಲಿ ಹೋದಾಗ ಒಟ್ಟಿಗೆ ತಂದದ್ದಂತೆ, ಮುಖಗಳ ಪರಿಚಯವೇ ಆಗಿರಲಿಲ್ಲ, ಹೆಸರನ್ನು ನಂಬಿ ತಂದದ್ದು.

"ಇವರೀಗ ಯಾರಾದರೂ ಆಗಬಹುದು" ಅಂದ. ಸ್ವರ ಎತ್ತಲಿಲ್ಲ. ಹದಿನೈದನ್ನು ಕಾರಿಗೆ ಹಾಕಿಕೊಂಡ, ಒಂಬತ್ತನ್ನು ಮುಟ್ಟಲಿಲ್ಲ. ನಾನು ಕೈಮುಗಿದೆ, ತಪ್ಪಾಯಿತು ಸರ್ ಅಂದೆ, ಅತ್ತುಬಿಟ್ಟೆ ಕೂಡ. ಅವ ನನ್ನ ಭುಜ ತಟ್ಟಿ, "ಮಾಫಿ ಮುಷ್ಕಿಲ್" ಅಂದ. ಪರವಾಗಿಲ್ಲ ಅಂತ ಅರ್ಥ. ಪರವಾಗಿಲ್ಲದ ಮುಖ ಆಗಿರಲಿಲ್ಲ ಅದು. ಜೂನ್ ಇಪ್ಪತ್ತೊಂಬತ್ತಕ್ಕೆ ವಿಮಾನ ಹತ್ತಿದನಂತೆ. ವಿಳಾಸ ಕೊಟ್ಟು ಹೋಗಲಿಲ್ಲ.

ಒಂಬತ್ತು ಪಟ ಎಂತ ಆಯಿತು ಅಂತ ಕೇಳಿದರೆ ನೀನು ನಗುತ್ತಿ. ಕರಾಮದಲ್ಲಿ ಹೊಸ ಬಿರಿಯಾನಿ ಹೋಟೆಲು ಆಗಿದೆ, ಅದರ ಯಜಮಾನ ಬಂದು ಹಳೆ ಕಾಲದ್ದು ಬೇಕು ಅಂತ ನಾಲ್ಕು ತೆಗೆದುಕೊಂಡು ಹೋದ. ಮೊನ್ನೆ ಜುವಾಕಿಂ ಜೊತೆ ಅಲ್ಲಿಗೆ ಊಟಕ್ಕೆ ಹೋಗಿದ್ದೆ. ದುಡ್ಡಿನ ಗಲ್ಲಾದ ಹಿಂದೆ ಗಡ್ಡದ ಮ್ಯಾಕ್‌ರೇ ಒಬ್ಬ ತೂಗುತ್ತಿದ್ದಾನೆ. ಯಾರದು ಅಂತ ಒಬ್ಬ ಗಿರಾಕಿ ಕೇಳಿದ್ದಕ್ಕೆ ಯಜಮಾನ, "ನಮ್ಮ ಅಜ್ಜ, ಬ್ರಿಟಿಷರ ಜೊತೆ ಇದ್ದವರು" ಅಂದ. ಜುವಾಕಿಂ ಬಿದ್ದು ಬಿದ್ದು ನಕ್ಕ. ನಾನು ಅರ್ಧ ಊಟ ಬಿಟ್ಟು ಎದ್ದೆ.

ಇನ್ನು ಬರೆಯಲು ಎಂತ ಉಂಟು. ದೀಕ್ಷಿತಾಳನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಹೆಸರಿನ ಹಿಂದೆ ಎಂತ ಹಾಕಬೇಕು ಅಂತ ನೀನು ಕೇಳಿದ್ದಿ. ಅಜ್ಜನ ಹೆಸರು ಹಾಕು, ತುಕ್ರ ಅಂತಲೇ ಹಾಕು. ಯಾರಾದರೂ ನಕ್ಕರೆ ನಗಲಿ. ನಾನು ಬದುಕಿದ ಹಾಗೆ ಅವಳು ಬದುಕುವುದು ಬೇಡ. ನನಗಿನ್ನು ಬದಲಾಗಲು ಆಗುವುದಿಲ್ಲ. ಇವತ್ತೂ ಊಟದ ಹೊತ್ತಿಗೆ ಯಾರೋ ಬಂಗೇರರೇ ಅಂತ ಕರೆದರು, ನಾನು ಓ ಅಂದೆ.

ಮಕ್ಕಳಿಗೆ, ಭಾವನಿಗೆ, ನಿನಗೆ ಒಳ್ಳೆಯದಾಗಲಿ. ಮನೆ ಗಟ್ಟಿಯಾಗಿ ನಿಲ್ಲಲಿ. ಸುಜಿತನ ಬಾಯಿಗೆ ಬೇಗ ಮಾತು ಬರಲಿ. ಅಪ್ಪನ ವರ್ಷಕ್ಕೆ ನಾನು ಬರುವುದಿಲ್ಲ, ಕಾಯಬೇಡ.

ನಿನ್ನ ಅಣ್ಣ,
ಚನಿಯ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಇಲ್ಲಿ ಬರೆಯುತ್ತಿದ್ದೇನೆ. ಅಪ್ಪನ ಪಟ ನನ್ನ ಗೋಡೆಯಲ್ಲಿ ಯಾವತ್ತೂ ಇರಲಿಲ್ಲ. ಬಂದ ಮೊದಲ ವಾರ ಅದನ್ನು ಮಂಚದ ಹತ್ತಿರ ಇಟ್ಟಿದ್ದೆ. ಬರಿ ಕೇಳಿದ ಆ ಮನುಷ್ಯರೇ ಕೈಗೆತ್ತಿಕೊಂಡು, "ಈ ಮುಟ್ಟಾಳೆಯವ ಯಾರು, ನಿಮ್ಮ ಮನೆಯ ಆಳಾ?" ಅಂತ ಕೇಳಿದರು. ನಾನು ಹೌದು ಅಂದೆ ಪ್ರಫುಲ್ಲಾ. ಮರುದಿನ ಅಂಗಡಿಗೆ ಒಯ್ದು, ಸ್ಕೇಲು ಇಟ್ಟು, ಅಪ್ಪನನ್ನು ಕತ್ತರಿಸಿ ತೆಗೆದೆ. ಫ್ರೇಮಿಗೆ ಹಿಡಿಸುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಆ ತುಂಡು ಬೇರೆ ಕಸದ ಜೊತೆ ಹೋಯಿತು.

ಉಳಿದದ್ದರಲ್ಲಿ ನಾನು, ನೀನು. ಹದಿನಾಲ್ಕು ವರ್ಷ ಅದನ್ನು ಪರ್ಸಿನಲ್ಲಿ ಇಟ್ಟರೂ ನಾನು ಸರಿಯಾಗಿ ನೋಡಿರಲಿಲ್ಲ. ಆ ಗುರುವಾರ ಕಾರು ಹತ್ತುವ ಮೊದಲು ಮ್ಯಾಕ್‌ರೇ, "ನಿಮ್ಮವರ ಪಟ ಒಂದೂ ನೋಡಲಿಲ್ಲವಲ್ಲ" ಅಂದದ್ದಕ್ಕೆ ತೆಗೆದು ತೋರಿಸಿದೆ. ಅವ ಕನ್ನಡಕ ಏರಿಸಿ, ಪಟದಲ್ಲಿ ನನ್ನ ಭುಜದ ಮೇಲೆ ಬೆರಳಿಟ್ಟು, "ಇದು ಯಾರ ಕೈ?" ಅಂತ ಕೇಳಿದ. ಆಗಲೂ ನನ್ನ ಬಾಯಿಗೆ ಬಂದದ್ದು "ಗೊತ್ತಿಲ್ಲ" ಅಂತ.

ಪಟದಲ್ಲಿ ನನ್ನ ಎಡಗಡೆಯ ಭುಜ ನೋಡು. ನಾಲ್ಕು ಬೆರಳು ಉಂಟು. ಕತ್ತಿ ತಾಗಿ ಸೀಳಿದ ಉಗುರು ಉಂಟಲ್ಲ, ಅದು ಅಪ್ಪ. ನೀನು ಹೊಡೆದಿಟ್ಟ ಮೊಳೆಗೆ ಅಷ್ಟೇ ಉಳಿದಿರುವುದು. ಕಾರ್ಕಳದಲ್ಲಿ ಫ್ರೇಮು ಹಾಕಿಸುವಾಗ ಹತ್ತಿರವೇ ನಿಂತುಕೋ, ಅಂಚು ಕತ್ತರಿಸಲು ಅವರನ್ನು ಬಿಡಬೇಡ.